‘ಕಾಣಿಸಬಾರದು’ ಅಂತಲೇ ಶುರುಮಾಡಬೇಡಿ

ಈಗಷ್ಟೇ ಕಿವಿ ತೋರಿಸಿಕೊಂಡು ಬಂದೆ. ಮನಸ್ಸು ಕುದಿಯುತ್ತಿದೆ, ಬರೆದೇ ಮಲಗುತ್ತೇನೆ.

ಪಕ್ಕದ ಮೇಜಿನಲ್ಲಿ ಕಿವಿಯ ಮಷೀನು (ಹಿಯರಿಂಗ್ ಏಡ್) ಕೊಳ್ಳಲು ಬಂದ ಎಂಬತ್ತರ ಆಸುಪಾಸಿನ ಹಿರಿಯರು, ಜೊತೆಗೆ ಮಗ. ಮಗನ ಮೊದಲ ಮಾತೇ “ಹೊರಗೆ ಕಾಣಿಸಬಾರದು, ಅಂಥದ್ದು ಕೊಡಿ.” ಕಿವಿಯೊಳಗೆ ಪೂರ್ತಿ ಅಡಗುವ ಮಷೀನು ಬಂತು. ಅದಕ್ಕೆ ಹಾಕುವುದು ಹಳದಿ ಸ್ಟಿಕ್ಕರಿನ 10ನೇ ನಂಬರಿನ ಸೆಲ್ಲು. ಅಗಲ 6 ಮಿಲಿಮೀಟರೂ ಇಲ್ಲ. ಹಿರಿಯರ ಬೆರಳು ನಡುಗುತ್ತಿತ್ತು. ಮೂರು ಸಲ ಬೀಳಿಸಿದರು. “ನನ್ನ ಕೈಲಿ ಆಗಲ್ಲ ಕಣಪ್ಪಾ” ಅಂದರು. “ರೂಢಿ ಆಗತ್ತೆ ಅಪ್ಪ, ಯಾರಿಗೂ ಕಾಣಲ್ಲ ನೋಡಿ” ಅಂದ ಮಗ.

ಕಾಣಲ್ಲ, ಸರಿ. ಕೇಳತ್ತಾ?

ಅಷ್ಟು ಚಿಕ್ಕದರಲ್ಲಿ ಜಾಗವೇ ಇರುವುದಿಲ್ಲ. ಗದ್ದಲದ ನಡುವೆ ಎದುರಿನವರ ಮಾತನ್ನು ಹಿಡಿಯಲು ಎರಡು ಮೈಕು ಬೇಕು. ಅದರಲ್ಲಿ ಸಾಮಾನ್ಯವಾಗಿ ಒಂದೇ. ಗುಗ್ಗೆ ಸೇರಿ ಸ್ಪೀಕರಿನ ಬಾಯಿ ಕಟ್ಟುತ್ತದೆ. ಮೈಕೂ ಸ್ಪೀಕರೂ ಒತ್ತೊತ್ತಾಗಿರುವುದರಿಂದ ಶಬ್ದ ಏರಿಸಿದರೆ ಸೀಟಿ. ಹೆಚ್ಚು ಕಿವುಡಿದ್ದವರಿಗೆ ಕಿವಿಯ ಹಿಂದೆ ಕೂರುವ ಮಷೀನು, ಕಿವಿಯ ಅಳತೆಗೇ ಮಾಡಿಸಿದ ಅಚ್ಚು, ಇವೇ ಸರಿ.

ನನಗೂ ಕಿವಿ ಮಂದ. ಇದುವರೆಗೆ ಹೇಳದ್ದು ಒಂದಿದೆ. ನನ್ನ ಮೊದಲ ಮಷೀನೂ ಕಾಣದಂಥದ್ದೇ. ಸೀಟಿಗೆ ಬೇಸತ್ತು ಎರಡು ವರ್ಷ ಡ್ರಾಯರಿನಲ್ಲಿಟ್ಟಿದ್ದೆ. ನನಗೆ ಹೋಗಿರುವುದು ಕೀರಲು ದನಿಗಳು. ಮಷೀನಿಲ್ಲದೆ ‘ಸ’ಕಾರ ಕಿವಿಗೆ ಬೀಳುವುದೇ ಇಲ್ಲ. ಊಟಕ್ಕೆ ಕೂತಾಗ ಮಗಳು “ಸಾಕು” ಅಂದರೆ ನನಗೆ “ಹಾಕು.” ಇನ್ನೊಂದು ಸೌಟು ಬಡಿಸುತ್ತಿದ್ದೆ. ಆಮೇಲಾಮೇಲೆ ಅವಳು ಮಾತು ಬಿಟ್ಟು ತಟ್ಟೆಯ ಮೇಲೆ ಕೈ ಅಡ್ಡ ಹಿಡಿಯತೊಡಗಿದಳು. ಆ ಕೈ ಇವತ್ತಿಗೂ ಕಣ್ಣ ಮುಂದಿದೆ.

“ಕಾಣುವಂಥದ್ದಾದರೆ ಅವರು ಹಾಕಿಕೊಳ್ಳುವುದೇ ಇಲ್ಲ” ಅನ್ನುತ್ತಾರೆ. ಕಿವುಡು ಕಮ್ಮಿ ಇದ್ದು, ಬೆರಳು ಚುರುಕಿದ್ದರೆ ಚಿಕ್ಕದೇ ತಗೊಳ್ಳಲಿ, ನನ್ನ ತಕರಾರಿಲ್ಲ. ಆದರೆ ಆ ಹಿರಿಯರು ನಾಚಿಕೆಯ ಮಾತೇ ಎತ್ತಲಿಲ್ಲವಲ್ಲ! ಕೈಲಾಗಲ್ಲ ಅಂದರು, ಅಷ್ಟೇ. ನಾಚಿಕೆ ಮಗನದು. ಪ್ರತಿ ಸಲ ಆ ಸೆಲ್ಲಿನ ಜೊತೆ ಒದ್ದಾಡಬೇಕಾದವರು ಅಪ್ಪ.

ತಡೆಯಲಾಗಲಿಲ್ಲ. ನನ್ನದನ್ನು ತೆಗೆದು ಅವರ ಅಂಗೈಲಿಟ್ಟೆ. ಕಿವಿಯ ಹಿಂದೆ ಕೂರುವುದು, ತೆಳು ತಂತಿಯ ತುದಿಯಲ್ಲಿ ಸ್ಪೀಕರು. ರಾತ್ರಿ ಡಬ್ಬಿಯಲ್ಲಿಟ್ಟರೆ ತಾನೇ ಚಾರ್ಜ್ ಆಗುತ್ತದೆ. ಡಬ್ಬಿ ತೋರಿಸಿದೆ. ನಡುಗುವ ಬೆರಳಲ್ಲೇ ಇಟ್ಟರು, ಒಂದೇ ಸಲಕ್ಕೆ ಕೂತಿತು. ಹಸಿರು ದೀಪ ಹತ್ತಿತು. ಮತ್ತೆ ತೆಗೆದು, ಮತ್ತೆ ಇಟ್ಟು, ಮಗನ ಕಡೆ ನೋಡಿದರು.