ಅಪ್ಪ ಎದುರಿಗೇ ಕೂತಿದ್ದಾರೆ, ಅವರನ್ನೇ ಕೇಳಿ

ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದಾಗಿನಿಂದ ಅಪ್ಪನ ಮಾತು ನಿಧಾನ, ಅಷ್ಟೇ. ಮಂಡ್ಯದ ಸೈಟು ಮಾರೋಣ ಅಂತ ನೋಂದಣಿಗೆ ಹೋದರೆ ಅಲ್ಲಿಯವರು ಅಪ್ಪನನ್ನು ಬಿಟ್ಟು ನನ್ನನ್ನು ಕೇಳುತ್ತಾರೆ, "ಇವರಿಗೆ ಅರ್ಥ ಆಗುತ್ತಾ?" ಡಾಕ್ಟರ್ ಸರ್ಟಿಫಿಕೇಟ್ ಕೊಟ್ಟೆವು. ಹಳೇದಂತೆ. ಮೈಸೂರಿಗೆ ಹೋಗಿ ಇಡೀ ದಿನ ಕಾದು ಹೊಸದು ತಂದರೆ, ಅದರಲ್ಲಿ ಕರಾರು ಮಾಡಿಕೊಳ್ಳಲು ಸಮರ್ಥರು ಅನ್ನೋ ಸಾಲೇ ಇಲ್ಲವಂತೆ, ಮತ್ತೆ ಹೋಗಿ ಅಂದರು.

1872ರ ಕರಾರು ಕಾಯ್ದೆಯ 12ನೇ ಸೆಕ್ಷನ್ ಕೇಳುವುದು ಇಷ್ಟೇ: ಕರಾರು ಮಾಡಿಕೊಳ್ಳುವ ಹೊತ್ತಿಗೆ ವಿಷಯ ಅರ್ಥ ಆಗಬೇಕು, ಅದರಿಂದ ತನಗೆ ಒಳ್ಳೇದೋ ಕೆಟ್ಟದ್ದೋ ಅಂತ ತೂಗಿ ನೋಡಲು ಬರಬೇಕು. ಹಳೇ ಸ್ಕ್ಯಾನ್‌ನಲ್ಲಿ ಏನಿತ್ತು ಅಂತ ಅದು ಕೇಳಲ್ಲ. ಬುದ್ಧಿ ಸರಿಯಿಲ್ಲ ಅನ್ನುವವರೇ ಸಾಮಾನ್ಯವಾಗಿ ಅದನ್ನು ಸಾಬೀತು ಮಾಡಬೇಕು. ಇಲ್ಲಿ ಎಲ್ಲಾ ಉಲ್ಟಾ, ಸುಮ್ನೆ ಅಲೆದಾಟ.

ತಮಾಷೆ ಅಂದರೆ, ಕ್ರಯಪತ್ರದಲ್ಲಿ ಸೈಟಿನ ನಾಲ್ಕೂ ಗಡಿ ಹೇಳುವ ಚೆಕ್ಕುಬಂದಿಯಲ್ಲಿ ಪೂರ್ವ ಪಶ್ಚಿಮ ಅದಲುಬದಲಾಗಿದ್ದನ್ನು ಹಿಡಿದವರು ಅಪ್ಪನೇ! ನಾನು, ಪತ್ರ ಬರೆದವರು, ಕೊಳ್ಳುವವರು, ಮೂವರೂ ಓದಿ ತಲೆಯಾಡಿಸಿದ್ದೆವು. ನಮ್ಮ ಸರ್ಟಿಫಿಕೇಟ್ ಮಾತ್ರ ಯಾರೂ ಕೇಳಲಿಲ್ಲ ನೋಡಿ.