ಫೆರಿಸ್‌ನ ಮನೆಗೊಂದು ಕ್ಯಾಮೆರಾ ಬಂದರೆ

1986ರಲ್ಲಿ ಜಾನ್ ಹ್ಯೂಸ್ ನಿರ್ದೇಶಿಸಿದ 'ಫೆರಿಸ್ ಬ್ಯೂಲರ್ಸ್ ಡೇ ಆಫ್' ನೋಡದವರಿಗಾಗಿ ಎರಡು ಮಾತು. ಷಿಕಾಗೋ ಹೊರವಲಯದ ಹೈಸ್ಕೂಲ್ ಹುಡುಗ ಫೆರಿಸ್ ಕಾಯಿಲೆಯ ನಾಟಕವಾಡಿ ಶಾಲೆಗೆ ಚಕ್ಕರ್ ಹೊಡೆಯುತ್ತಾನೆ. ಗೆಳೆಯ ಕ್ಯಾಮರನ್ ಮತ್ತು ಗೆಳತಿ ಸ್ಲೋನ್ ಜೊತೆ ಇಡೀ ದಿನ ಊರು ಸುತ್ತುತ್ತಾನೆ. ಶಾಲೆಯ ಡೀನ್ ಎಡ್ ರೂನಿ ಅವನನ್ನು ಹಿಡಿದೇ ತೀರುತ್ತೇನೆಂದು ಹೊರಡುತ್ತಾನೆ. ಇಂದಿನ ಹಾಗೆ ಬಾಗಿಲಿಗೊಂದು, ಒಳಗೊಂದು ಕ್ಯಾಮೆರಾ ಇದ್ದು, ಅದರ ದೃಶ್ಯ ಅಪ್ಪ-ಅಮ್ಮನ ಮೊಬೈಲಿಗೆ ಬರುತ್ತಿದ್ದರೆ ಈ ಕಥೆ ಕೆಡುತ್ತಿತ್ತೇ?

ಪರ: ಕೆಡುತ್ತಿತ್ತು, ಅದೂ ಬೆಳಿಗ್ಗೆಯೇ

ಫೆರಿಸ್‌ನ ಕೈಚಳಕವೆಲ್ಲ ನಿಂತಿರುವುದು ಒಂದೇ ನಂಬಿಕೆಯ ಮೇಲೆ: ಅಮ್ಮ ನೋಡುವುದು ಬಾಗಿಲು ತೆರೆದಾಗ ಮಾತ್ರ. ಅದಕ್ಕೇ ಅವನು ಹಾಸಿಗೆಯಲ್ಲೊಂದು ಬೊಂಬೆ ಮಲಗಿಸಿ, ಅದಕ್ಕೂ ಬಾಗಿಲಿಗೂ ಹಗ್ಗ ಕಟ್ಟಿ, ಭಾರಕ್ಕೊಂದು ಟ್ರೋಫಿ ತೂಗುಬಿಟ್ಟಿದ್ದಾನೆ. ಬಾಗಿಲು ಸರಿದರೆ ಬೊಂಬೆ ಮಗ್ಗುಲು ಬದಲಿಸುತ್ತದೆ, ಸ್ಟೀರಿಯೋದಿಂದ ಗೊರಕೆ ಕೇಳುತ್ತದೆ. ಅಮ್ಮ ಇಣುಕುತ್ತಾಳೆ, ಕರಗುತ್ತಾಳೆ, ಹೋಗುತ್ತಾಳೆ. ಕ್ಯಾಮೆರಾಕ್ಕೆ ಬಾಗಿಲು ತೆರೆಯುವ ಹಂಗಿಲ್ಲ. ಮಗ ಎದ್ದು ಸ್ನಾನಕ್ಕೆ ಹೋದದ್ದೂ, ಹಗ್ಗ ಕಟ್ಟಿದ್ದೂ ಅದಕ್ಕೆ ಗೊತ್ತು.

ಇದು ಜಾಣತನದ ಮಾತಾಯಿತು. ನನ್ನ ಅಸಲಿ ತಕರಾರು ಕ್ಯಾಮರನ್‌ನದು. ಈ ಸಿನಿಮಾದ ನಿಜವಾದ ನಾಯಕ ಅವನೇ ಎನ್ನುವ ಪಂಗಡಕ್ಕೆ ಸೇರಿದವನು ನಾನು. ಅವನಪ್ಪನ ಪ್ರಾಣವೆಲ್ಲ 1961ರ ಫೆರಾರಿ 250 ಜಿಟಿ ಕ್ಯಾಲಿಫೋರ್ನಿಯಾ ಕಾರಿನಲ್ಲಿದೆ. ಗಾಜಿನ ಗ್ಯಾರೇಜಿನಲ್ಲಿ ನಿಲ್ಲಿಸಿ, ಅದು ಎಷ್ಟು ಮೈಲಿ ಓಡಿದೆ ಎಂಬ ಲೆಕ್ಕ ಇಟ್ಟುಕೊಳ್ಳುವ ಮನುಷ್ಯ. ಆ ಓಡೋಮೀಟರೇ ಅವನ ಕ್ಯಾಮೆರಾ. ಫೆರಿಸ್ ಊರು ಸುತ್ತಲು ಆ ಕಾರನ್ನೇ ಹೊರಡಿಸುತ್ತಾನೆ. ಆದರೆ ಓಡೋಮೀಟರು ಅಪ್ಪ ಮನೆಗೆ ಬಂದು ನೋಡುವವರೆಗೆ ಬಾಯಿ ಬಿಡುವುದಿಲ್ಲ. ಆ ಕೆಲವು ಗಂಟೆಗಳಲ್ಲೇ ಕ್ಯಾಮರನ್‌ಗೆ ಒಂದು ದಿನ ಸಿಗುತ್ತದೆ: ಆರ್ಟ್ ಇನ್‌ಸ್ಟಿಟ್ಯೂಟ್ ಎಂಬ ಕಲಾ ಸಂಗ್ರಹಾಲಯದಲ್ಲಿ ಫ್ರೆಂಚ್ ಕಲಾವಿದ ಸ್ಯೂರಾನ ಚಿತ್ರದೆದುರು ಕಣ್ಣು ಕೀಲಿಸಿ ನಿಲ್ಲುವ ಹೊತ್ತು, ಗಗನಚುಂಬಿ ಸಿಯರ್ಸ್ ಟವರಿನ ಗಾಜಿಗೆ ಹಣೆ ಒತ್ತಿ ಕೆಳಗೆ ನೋಡುವ ಹೊತ್ತು.

ಸಂಜೆ ಕಾರನ್ನು ಜಾಕ್ ಮೇಲೆ ಎತ್ತಿ, ಚಕ್ರವನ್ನು ಹಿಂದಕ್ಕೆ ತಿರುಗಿಸಿ ಮೈಲಿ ಇಳಿಸುವ ಉಪಾಯ ಫಲಿಸುವುದಿಲ್ಲ. ಕ್ಯಾಮರನ್ ಸಿಟ್ಟಿನಲ್ಲಿ ಕಾರನ್ನು ಒದೆಯುತ್ತಾನೆ. ಜಾಕ್ ಜಾರಿ, ಕಾರು ಗಾಜು ಒಡೆದುಕೊಂಡು ಹಿಂದಿನ ಕಂದರಕ್ಕೆ ಬೀಳುತ್ತದೆ. ತಪ್ಪು ನನ್ನದೆಂದು ಹೇಳುತ್ತೇನೆ ಎನ್ನುತ್ತಾನೆ ಫೆರಿಸ್. ಬೇಡ, ಅಪ್ಪನಿಗೆ ನಾನೇ ಹೇಳುತ್ತೇನೆ ಎನ್ನುತ್ತಾನೆ ಕ್ಯಾಮರನ್. ಗ್ಯಾರೇಜಿನಲ್ಲಿ ಕ್ಯಾಮೆರಾ ಇದ್ದಿದ್ದರೆ ಕಾರು ಅಲುಗಾಡಿದ ಕ್ಷಣವೇ ಅಪ್ಪನ ಫೋನ್ ಸದ್ದು ಮಾಡುತ್ತಿತ್ತು, ಐದು ನಿಮಿಷದಲ್ಲಿ ಹುಡುಗನ ಫೋನೂ. ಮುಚ್ಚಿಡಲು ಸಾಧ್ಯವಿದ್ದವನು ತಾನೇ ಬಾಯಿಬಿಟ್ಟರೆ ಅದು ಒಪ್ಪಿಕೊಳ್ಳುವುದು. ವಿಡಿಯೋ ನೋಡಿ ಕೂತ ಅಪ್ಪನೆದುರು ಹುಡುಗನಿಗೆ ಉಳಿಯುವುದು ಬೈಸಿಕೊಳ್ಳುವುದೊಂದೇ.

ವಿರೋಧ: ಇಲ್ಲ, ಸಿಕ್ಕಿಬೀಳುತ್ತಿದ್ದವನು ರೂನಿ

ಗ್ಯಾರೇಜಿನ ಮಾತು ಬಿಟ್ಟುಕೊಟ್ಟೆ. ಆದರೆ ಬ್ಯೂಲರ್ ಮನೆಯ ಕಥೆ ಬೇರೆ. ಮೊದಲಿಗೆ, ಈ ಕಥೆಯಲ್ಲಿ ಕ್ಯಾಮೆರಾ ಆಗಲೇ ಇದೆ. ರಿಗ್ಲಿ ಫೀಲ್ಡ್ ಎಂಬ ಬೇಸ್‌ಬಾಲ್ ಮೈದಾನದಲ್ಲಿ ಫೆರಿಸ್ ಚೆಂಡು ಹಿಡಿಯುವುದು ಟಿವಿಯಲ್ಲಿ ನೇರವಾಗಿ ಬರುತ್ತದೆ. ಅವನನ್ನೇ ಹುಡುಕುತ್ತಿರುವ ರೂನಿ ಅದೇ ಟಿವಿಯ ಮುಂದೆ ನಿಂತಿದ್ದಾನೆ! ಸರಿಯಾಗಿ ಆ ಕ್ಷಣಕ್ಕೆ ಮುಖ ತಿರುಗಿಸುತ್ತಾನೆ. ಫೆರಿಸ್‌ನ ಅಪ್ಪನ ಕಥೆಯೂ ಅಷ್ಟೆ. ಟ್ರಾಫಿಕ್‌ನಲ್ಲಿ ಮಗನ ಟ್ಯಾಕ್ಸಿ ಪಕ್ಕದಲ್ಲೇ ಅವನ ಟ್ಯಾಕ್ಸಿ ನಿಂತರೂ ಹಿಡಿಯಲಾರ. ಅಂಥವನ ಕೈಗೆ ಮೊಬೈಲ್ ಕೊಟ್ಟರೆ ಎಷ್ಟು ನೋಡಿಯಾನು? ದಿನಕ್ಕೆ ನಲವತ್ತು ಸಲ 'ಬಾಗಿಲ ಬಳಿ ಚಲನೆ' ಎಂದು ಬರುವ ಸೂಚನೆಯನ್ನು ನೀವಾದರೂ ತೆರೆದು ನೋಡುತ್ತೀರಾ?

ಎರಡನೆಯದು, ಆ ಮನೆಗೆ ಕಾಲುಳ್ಳ ಕ್ಯಾಮೆರಾವೊಂದಿದೆ. ಹೆಸರು ಜೀನಿ, ಫೆರಿಸ್‌ನ ಸೋದರಿ. ಅವಳಿಗೆ ಸೋದರನ ನಾಟಕ ಮೊದಲ ನಿಮಿಷದಿಂದ ಗೊತ್ತು. ಬೊಂಬೆಯನ್ನೂ ಟ್ರೋಫಿಯನ್ನೂ ಕಣ್ಣಾರೆ ಕಾಣುತ್ತಾಳೆ. ಆದರೂ ಅವಳ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಬ್ಯೂಲರ್ ದಂಪತಿಗೆ ಕಣ್ಣಿಲ್ಲದೆ ಅಲ್ಲ, ಹೆತ್ತವರಿಗೆ ಹೆಗ್ಗಣ ಮುದ್ದು. ಆ ಮುದ್ದಿಗೆ ಔಷಧಿಯನ್ನು ಯಾವ ಕಂಪನಿಯೂ ಮಾರುತ್ತಿಲ್ಲ.

ಇನ್ನು ಹುಡುಗನ ಸಾಮರ್ಥ್ಯ. ರೂನಿ ಅವನಮ್ಮನ ಜೊತೆ ಫೋನಿನಲ್ಲಿ ಮಾತಾಡುತ್ತಿರುವಾಗಲೇ ಶಾಲೆಯ ಕಂಪ್ಯೂಟರಿಗೆ ಹೊಕ್ಕು ಒಂಬತ್ತು ಗೈರುಹಾಜರಿಯನ್ನು ಎರಡಕ್ಕೆ ಇಳಿಸಿದವನು ಇವನು. ಸಂಗೀತದ ಕೀಬೋರ್ಡಿನಲ್ಲಿ ಕೆಮ್ಮು ನುಡಿಸಿದವನು. ಕರೆಗಂಟೆ ಒತ್ತಿದವರಿಗೆ, ಹುಷಾರಿಲ್ಲ, ಎದ್ದು ಬರಲಾರೆ ಎಂದು ತನ್ನ ದನಿಯಲ್ಲೇ ಉತ್ತರ ಸಿಗುವಂತೆ ಟೇಪ್ ಜೋಡಿಸಿಟ್ಟವನು. ಇಂದಿನ ಸ್ಮಾರ್ಟ್ ಡೋರ್‌ಬೆಲ್ಲನ್ನು ಆಗಲೇ ಮನೆಯಲ್ಲಿ ಮಾಡಿಕೊಂಡಿದ್ದ ಎನ್ನಿ. ಅಂಥ ಮನೆಗೆ ಕ್ಯಾಮೆರಾ ಬಂದರೆ ಅದರ ಪಾಸ್‌ವರ್ಡ್ ಹಾಕಿಕೊಡುವವನು ಯಾರು? ಅಪ್ಪ ಅಂತೂ ಅಲ್ಲ. ಚಾಪೆ ಕೆಳಗೆ ತೂರುವವನ ಮುಂದೆ ರಂಗೋಲಿ ಹಾಕಿದಂತಾಯಿತು, ಅವನು ಅದರ ಕೆಳಗೂ ತೂರುತ್ತಾನೆ.

ಹಾಗಾದರೆ ಕ್ಯಾಮೆರಾ ಯಾರನ್ನು ಹಿಡಿಯುತ್ತಿತ್ತು? ಪಾಸ್‌ವರ್ಡ್ ಇಲ್ಲದವನನ್ನು. ರೂನಿ ಹಿತ್ತಿಲಿಗೆ ನುಗ್ಗುತ್ತಾನೆ, ಕೆಸರಿನಲ್ಲಿ ಶೂ ಕಳೆದುಕೊಳ್ಳುತ್ತಾನೆ, ನಾಯಿಗೆ ಸಿಕ್ಕುತ್ತಾನೆ, ಅನುಮತಿಯಿಲ್ಲದೆ ಅಡುಗೆಮನೆಯವರೆಗೂ ಬಂದು ಜೀನಿಯಿಂದ ಮುಖಕ್ಕೆ ಒದೆ ತಿನ್ನುತ್ತಾನೆ. ಜೀನಿ ಪೊಲೀಸರಿಗೆ ಫೋನ್ ಮಾಡಿದರೆ ಅವರು ನಂಬುವುದಿಲ್ಲ, ಸುಳ್ಳು ಕರೆ ಎಂದು ಅವಳನ್ನೇ ಠಾಣೆಗೆ ಒಯ್ಯುತ್ತಾರೆ. ಕ್ಯಾಮೆರಾ ಇದ್ದಿದ್ದರೆ ಠಾಣೆಗೆ ಹೋಗುತ್ತಿದ್ದವನು ಡೀನ್. ಕೊನೆಯಲ್ಲಿ ರೂನಿ ಬಿಟ್ಟುಹೋದ ಪರ್ಸನ್ನು ತೋರಿಸಿ ಸೋದರನನ್ನು ಕಾಪಾಡುವ ಕೆಲಸವೂ ಜೀನಿಗೆ ತಪ್ಪುತ್ತಿತ್ತು. ಅದೊಂದು ನಷ್ಟವೇ ಸರಿ. ಆದರೆ ಅಂದು ಸಂಜೆ ಅಪ್ಪ-ಅಮ್ಮ ಹಾಸಿಗೆಯ ಪಕ್ಕ ಕೂತು, ಪಾಪ, ನೀನು ಮಲಗಿದ್ದಾಗ ಮನೆಗೆ ಯಾರು ನುಗ್ಗಿದ್ದರು ನೋಡು ಎಂದು ಮೊಬೈಲ್ ಮುಂದೆ ಹಿಡಿಯುತ್ತಿದ್ದರು. ಫೆರಿಸ್ ಕಂಬಳಿಯನ್ನು ಗಲ್ಲದವರೆಗೆ ಎಳೆದುಕೊಂಡು, ಕ್ಷೀಣ ದನಿಯಲ್ಲಿ, ಇನ್ನೊಂದು ಸಲ ಹಾಕಿ ಎನ್ನುತ್ತಿದ್ದ.