ಬೆನ್ನಿಗೊಂದು ತಗಡು

ತಪ್ಪು ನನ್ನ ಹೊಟ್ಟೆಯದು.

ಹೋದ ವರ್ಷ ಮುರ್ಡೇಶ್ವರಕ್ಕೆ ಹೋಗಿ, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರದೊಳಗೆ ಈಜುವ ಸ್ಕೂಬಾ ಕೋರ್ಸ್ ಮಾಡಿದಾಗ, ನಾನು ಮುಳುಗಲೆಂದು ಸೊಂಟಕ್ಕೆ 5 ಕಿಲೋ ಸೀಸದ ಬೆಲ್ಟ್ ಕಟ್ಟಿದರು. ಅದು ಹೊಟ್ಟೆಯ ಮೇಲೆ ನಿಲ್ಲದು, ಕೆಳಗೆ ಜಾರಿದರೆ ತಡೆಯಲು ಸೊಂಟ ಎಂಬುದು ನನಗಿಲ್ಲ. ಅದೇನಾದರೂ ಕಳಚಿ ಬಿದ್ದರೆ ಬುರುಗಿನ ಹಾಗೆ ಮೇಲೆ ಚಿಮ್ಮುತ್ತೀರಿ, ಅದು ಜೀವಕ್ಕೇ ಅಪಾಯ ಎಂದು ಮೊದಲೇ ಹೆದರಿಸಿದ್ದರು. ನೇತ್ರಾಣಿ ದ್ವೀಪದ ಬಳಿ ಸುತ್ತ ಬಣ್ಣಬಣ್ಣದ ಮೀನು ಓಡಾಡುತ್ತಿದ್ದರೆ, ನಾನು ಲಾಡಿ ಹರಿದ ಪೈಜಾಮ ಹಿಡಿದ ಹುಡುಗನಂತೆ ಒಂದು ಕೈಯಲ್ಲಿ ಬೆಲ್ಟ್ ಹಿಡಿದೇ ಈಜಿದೆ. ಒಂದು ಗಿಳಿಮೀನು ನಿಂತು ನೋಡಿ ಹೋಯಿತು.

ದೋಣಿ ಹತ್ತಿದ ಮೇಲೆ ತರಬೇತುದಾರರು ಉಪಾಯ ಹೇಳಿದರು: ತೂಕವನ್ನು ಸೊಂಟದಿಂದ ಬೆನ್ನಿಗೆ ಸಾಗಿಸಿ, ಸ್ವಂತಕ್ಕೊಂದು ಬ್ಯಾಕ್‌ಪ್ಲೇಟ್ ಮಾಡಿಕೊಳ್ಳಿ. ಬ್ಯಾಕ್‌ಪ್ಲೇಟ್ ಅಂದರೆ ಬೆನ್ನಗಲದ ಒಂದು ಹಲಗೆ. ಅದರ ಸೀಳುಗಳಲ್ಲಿ ಒಂದೇ ಉದ್ದನೆಯ ಪಟ್ಟಿ ಪೋಣಿಸಿ ಹೆಗಲಿಗೂ ಸೊಂಟಕ್ಕೂ ಕಟ್ಟಿಕೊಳ್ಳಬೇಕು. ಹಿಂದೆ ವಿಂಗ್ ಎಂಬ ಗಾಳಿಚೀಲ, ಅದರ ಹಿಂದೆ ಸಿಲಿಂಡರ್. ನಡುವೆ ಬೆನ್ನುಮೂಳೆ ಕೂರಲು ಉದ್ದಕ್ಕೂ ಒಂದು ಕಾಲುವೆ, ಅದರಲ್ಲಿ 11 ಇಂಚು ಅಂತರದಲ್ಲಿ ಎರಡು ಬೋಲ್ಟಿನ ತೂತು. ಇಷ್ಟೇ. ಸ್ಟೀಲಿನದು ಸುಮಾರು 2 ಕಿಲೋ 700 ಗ್ರಾಂ. ಅದೇ ಅಳತೆಯ ಅಲ್ಯೂಮಿನಿಯಂ 1 ಕಿಲೋ ಕೂಡ ತೂಗದು. ಪ್ಲಾಸ್ಟಿಕ್ಕಿನದು ನೀರಲ್ಲಿ ಮುಳುಗಿತೋ ತೇಲಿತೋ ಎನ್ನುವಷ್ಟು ಹಗುರ. ಕಾರ್ಬನ್ ಫೈಬರಿನದೂ ಇದೆ, ಅದರ ಬೆಲೆ ಕೇಳಿದ ಮೇಲೆ ಮುಳುಗಲು ಬೇರೆ ತೂಕ ಬೇಕಾಗುವುದಿಲ್ಲ.

ಬೀದರಿನಿಂದ ಮುರ್ಡೇಶ್ವರ 600 ಕಿಲೋಮೀಟರಿಗೂ ಹೆಚ್ಚು. ಸಮುದ್ರದ ಬಗ್ಗೆ ನಮ್ಮ ಓಣಿಯಲ್ಲಿ ಯಾರಿಗೂ ಏನೂ ಗೊತ್ತಿಲ್ಲ. ಆದರೆ ಲೋಹದ ಬಗ್ಗೆ ಎಲ್ಲರಿಗೂ ಗೊತ್ತು, ಬಿದರಿ ಹುಟ್ಟಿದ ಊರು ನೋಡಿ. ಹಾಗಾಗಿ ಸಲಹೆಗೆ ಬರವಿರಲಿಲ್ಲ.

ಭಾಲ್ಕಿ ಕಡೆಯ ನಮ್ಮ ಕಾಕಾ ಮೊದಲು ಗೊಣಗಿದ. "ನಾವ್ ಸಣ್ಣವರಿದ್ದಾಗ ಬಾವ್ಯಾಗ ಮುಳುಗಬಾರದಂತ ಬೆನ್ನಿಗಿ ಖಾಲಿ ಡಬ್ಬಿ ಕಟ್ಟಿ ಈಸ್ ಕಲಿಸ್ತಿದ್ರು. ನೀ ರೊಕ್ಕ ಕೊಟ್ಟು ಮುಳುಗ್ಲಾಕ ತಗಡ್ ಕಟ್ಕೋತಿ?" ಅವತ್ತಿನಿಂದ ಬ್ಯಾಕ್‌ಪ್ಲೇಟ್ ಎಂಬ ಹೆಸರು ಹೋಗಿ ಓಣಿಯಲ್ಲೆಲ್ಲ "ಸರ್ ಅವರ ತಗಡು" ಆಯಿತು.

ಬಿದರಿ ಕೆಲಸ ಮಾಡುವ ಗೆಳೆಯನದು ಬೇರೆಯೇ ವಾದ. "ಸ್ಟೀಲ್ ಯಾಕೋ? ನಾ ಬಿದರಿ ತಗಡ ಮಾಡ್ಕೊಡ್ತೀನಿ. ಮ್ಯಾಲ ಬೆಳ್ಳಿ ತಂತಿ ಬಳ್ಳಿ. ಮೀನಕ್ಕೂ ಗೊತ್ತಾಗ್ಲಿ ನಮ್ಮೂರು ಯಾವುದಂತ." ಖರೆ ಹೇಳಬೇಕೆಂದರೆ ಮನಸ್ಸು ಜಾರಿತು. ಬಿದರಿಯಲ್ಲಿ ಹೆಚ್ಚಿನ ಪಾಲು ಸತುವೇ, 16 ಪಾಲಿಗೆ 1 ಪಾಲು ತಾಮ್ರ. ತೂಕದಲ್ಲಿ ಸ್ಟೀಲಿಗಿಂತ ತುಸು ಮಾತ್ರ ಕಡಿಮೆ. ಕೋಟೆಯ ಮಣ್ಣು, ನವಸಾಗರ ಬೆರೆಸಿ ತಿಕ್ಕಿದರೆ ಬರುವ ಆ ಕಪ್ಪಿನ ಮುಂದೆ ಯಾವ ವಿದೇಶಿ ಪ್ಲೇಟು ನಿಂತೀತು? ಆಮೇಲೆ ನೆನಪಾಯಿತು: ಹಡಗಿನ ತಳಕ್ಕೆ ಸತುವಿನ ಗಟ್ಟಿ ಬಡಿಯುವುದೇ ಉಪ್ಪುನೀರು ಕಬ್ಬಿಣ ಬಿಟ್ಟು ಅದನ್ನು ತಿನ್ನಲಿ ಅಂತ. ಗೆಳೆಯನಿಗೆ ಹೇಳಿದರೆ ಅವನಿಗೇನೂ ಬೇಜಾರಾಗಲಿಲ್ಲ. "ಹಂಗಾದ್ರ ಸಮುದ್ರಕ್ಕ ನಮ್ ಕಲಾ ರುಚಿ ಹತ್ತಿತು ಅಂದಂಗಾಯ್ತು."

ಕೊನೆಗೆ ಸ್ಟೀಲೇ ಗಟ್ಟಿಯಾಯಿತು. ಕಾರಣ ಸಿಲಿಂಡರ್. ಅಲ್ಲಿ ನನಗೆ ಕೊಡುವುದು ಅಲ್ಯೂಮಿನಿಯಂ ಸಿಲಿಂಡರು. ತುಂಬಿದ್ದಾಗ ತೆಪ್ಪಗೆ ಮುಳುಗುತ್ತದೆ. ಒಳಗಿನ ಗಾಳಿಯೇ ಎರಡೂವರೆ ಕಿಲೋ ಆಸುಪಾಸು, ಅದನ್ನು ನಾವು ಉಸಿರಾಡಿ ಮುಗಿಸುತ್ತ ಬಂದಂತೆ ಸಿಲಿಂಡರಿಗೆ ತೇಲುವ ಚಟ ಹತ್ತುತ್ತದೆ. ಸಂಬಳದ ದಿನ ಗಂಭೀರವಾಗಿದ್ದು ತಿಂಗಳ ಕೊನೆಗೆ ಹಾರಾಡುವ ನಮ್ಮಂಥವರದೇ ಸ್ವಭಾವ. ಆದ್ದರಿಂದ ತೂಕದ ಲೆಕ್ಕ ಹಾಕಬೇಕಾದದ್ದು ಸಿಲಿಂಡರ್ ಖಾಲಿಯಾದ ಹೊತ್ತಿಗೆ, ಆಗ ಕೆಳಗೆ ಹಿಡಿದಿಡಲು ಬೆನ್ನ ಮೇಲೆ ಸ್ಟೀಲಿನ ಭಾರವೇ ಒಳ್ಳೆಯದು.

ರಟ್ಟಿನಲ್ಲಿ ಆಕಾರ ಕತ್ತರಿಸಿಕೊಂಡು ನೌಬಾದ್ ಕಡೆಯ ವೆಲ್ಡಿಂಗ್ ಅಂಗಡಿಗೆ ಹೋದೆ. ಅಂಗಡಿಯವರು ತಿರುಗಿಸಿ ಮುರುಗಿಸಿ ನೋಡಿ, "ಯಾವ ಗೇಟಿಂದ್ರಿ ಇದು?" ಅಂದರು. ಬೆನ್ನಿಗೆ ಅಂದಾಗ ನನ್ನ ಬೆನ್ನನ್ನು ಒಮ್ಮೆ ನೋಡಿ, 3 ಎಂ.ಎಂ. ತಗಡು ಸಾಕೆಂದರು. 316 ಗ್ರೇಡ್ ಬೇಕು ಎಂದೆ. ಅದರಲ್ಲಿ ಮಾಲಿಬ್ಡಿನಂ ಇರುತ್ತದೆ, ಉಪ್ಪಿಗೆ ಹೆಚ್ಚು ತಾಳುತ್ತದೆ. "ಹೈದರಾಬಾದಿಂದ ತರಿಸಬೇಕ್ರಿ. ರೇಲಿಂಗಿಗಿ ತಂದಿದ್ದು 304 ಅದಾ." ನಾನು ಭಾರಿ ತಿಳಿದವನಂತೆ ಜೇಬಿನಿಂದ ಅಯಸ್ಕಾಂತ ತೆಗೆದು ತಗಡಿಗೆ ಹಿಡಿದೆ, ಅಂಟಲಿಲ್ಲ, ಒಳ್ಳೆ ಮಾಲು ಎಂದು ತಲೆದೂಗಿದೆ. ಅವರು ನಕ್ಕರು. ಅಗ್ಗದ 202ಕ್ಕೂ ಅಯಸ್ಕಾಂತ ಸರಿಯಾಗಿ ಅಂಟುವುದಿಲ್ಲವಂತೆ. ಅಯಸ್ಕಾಂತ ಜೇಬಿಗೆ ಹೋಯಿತು. ತೊಳೆದು ಒರೆಸಿ ಇಟ್ಟರೆ 304 ಕೂಡ ಬಾಳುತ್ತದೆ ಎಂದು ಒಪ್ಪಿಕೊಂಡೆ.

ಎರಡು ದಿನ ಬಿಟ್ಟು ಹೋದರೆ ಪ್ಲೇಟ್ ತಯಾರಾಗಿತ್ತು, ಆದರೆ ಕಾಲುವೆಯನ್ನು ಉಲ್ಟಾ ಬಗ್ಗಿಸಿದ್ದರು! ತಗ್ಗು ಬೆನ್ನಿನ ಕಡೆ ಬರಬೇಕಿತ್ತು, ಸಿಲಿಂಡರಿನ ಕಡೆ ಬಂದಿತ್ತು. ಅರ್ಧ ಗಂಟೆ ಜಗಳ. ನಾನು ಚಿತ್ರ ತೋರಿಸಿದೆ, ಅವರು ರಟ್ಟು ತೋರಿಸಿದರು, ನಾನು ತಗಡಿನ ದುಡ್ಡು ಕೊಡುವುದಿಲ್ಲ ಎಂದೆ, ಅವರು ಹಾಗಾದರೆ ಗುಜರಿಗೆ ಹಾಕುತ್ತೇನೆ ಎಂದರು. ಚಹಾ ತಂದ ಹುಡುಗ ಗ್ಲಾಸು ಇಡಲು ಜಾಗವಿಲ್ಲದೆ ಪ್ಲೇಟನ್ನು ಎತ್ತಿ ಮಗುಚಿ ಹಾಕಿದ. ತಗ್ಗು ಮೇಲೆ ಬಂತು. ಎಡಬಲ ಒಂದೇ ಇರುವ ತಗಡಿಗೆ ಉಲ್ಟಾ ಸೀದಾ ಎಲ್ಲಿಂದ ಬರಬೇಕು? ಇಬ್ಬರೂ ಮಾತಿಲ್ಲದೆ ಚಹಾ ಕುಡಿದೆವು. ದುಡ್ಡು ಪೂರ್ತಿ ಕೊಟ್ಟೆ. ಸೀಳಿನ ಅಂಚು ಪಟ್ಟಿಯನ್ನು ಕತ್ತರಿಸೀತು ಎಂದು ಬೆರಳಿಟ್ಟು ನೋಡಿದೆ, ಬೆರಳೇ ಕತ್ತರಿಸಿತು. ಅದನ್ನು ಅರ ಹಾಕಿ ನುಣ್ಣಗೆ ಮಾಡಿದ್ದು ಪುಕ್ಕಟೆ.

ಮನೆಗೆ ತಂದು, ಪರಿಚಯದ ಗುಜರಿಯವನ ಕೊಕ್ಕೆ ತಕ್ಕಡಿ ಕೇಳಿ ತಂದು, ನೀರಿನ ಡ್ರಮ್ಮಿನಲ್ಲಿ ಇಳಿಬಿಟ್ಟು ತೂಗಿದೆ. ಹೊರಗೆ 2 ಕಿಲೋ 700, ನೀರಿನಲ್ಲಿ 2 ಕಿಲೋ 360. ಸಂಭ್ರಮದಿಂದ ಹೆಂಡತಿಯನ್ನು ಕೂಗಿ, "ನೋಡು, 340 ಗ್ರಾಂ ನೀರೇ ಹೊತ್ತುಕೊಂಡಿತು" ಎಂದೆ. "ಅವ ಹಳೇ ಪೇಪರ್ ತೂಗಿದಾಗೂ ಇಷ್ಟೇ ಹೋಗ್ತದ," ಅಂದಳು. "ನೀರೂ ಬೇಕಾಗಂಗಿಲ್ಲ."

ಹೇಗೂ ಅರ್ಧದಷ್ಟು ಸೀಸ ಸೊಂಟದಿಂದ ಇಳಿಯಿತು ಎಂದು ಲೆಕ್ಕ ಹಾಕಿ, ಪ್ಲೇಟನ್ನು ಅಡುಗೆಮನೆಯ ಕಟ್ಟೆಗೆ ಒರಗಿಸಿ ನಿದ್ದೆ ಹೋದೆ. ಅಲ್ಲೇ ಕೆಟ್ಟದ್ದು.

ಬೆಳಿಗ್ಗೆ ಎದ್ದರೆ ಸುಟ್ಟ ಬದನೆಕಾಯಿಯ ಘಮ. ನನ್ನ ಬ್ಯಾಕ್‌ಪ್ಲೇಟ್ ಗ್ಯಾಸಿನ ಮೇಲಿತ್ತು. ಕಾಲುವೆಯಲ್ಲಿ ಮೂರು ಬದನೆಕಾಯಿ ಸಾಲಾಗಿ ಮಲಗಿದ್ದವು, ಸೀಳುಗಳಿಂದ ಉರಿ ಬೇಕಾದಷ್ಟೇ ಬರುತ್ತಿತ್ತು. ಅವ್ವ ಬಹಳ ಖುಷಿಯಲ್ಲಿದ್ದಳು. "ಛಲೋ ತಂದಿ ನೋಡಪ. ಉಳ್ಳಾಡಂಗಿಲ್ಲ, ಏನಿಲ್ಲ." ಜೋಳದ ರೊಟ್ಟಿ, ಬದನೆಕಾಯಿ ಭರ್ತ, ಎರಡನ್ನೂ ಮುಖ ಗಂಟಿಕ್ಕಿಯೇ ತಿಂದೆ. ಎರಡು ರೊಟ್ಟಿ ಹೆಚ್ಚೇ ಹೋದವು.

ಪ್ಲೇಟಿನ ನಡುವೆ ನೀಲಿ, ನೇರಳೆ, ಬಂಗಾರದ ಬಣ್ಣದ ಮೂರು ಉಂಗುರ ಮೂಡಿದ್ದವು. ವೆಲ್ಡಿಂಗಿನವರು ನೋಡಿ, ಬೆಸುಗೆಯ ಸುತ್ತ ಬರುವ ಬಣ್ಣವೇ ಇದು, ಕಾದಲ್ಲಿ ಕ್ರೋಮಿಯಮ್ಮಿನ ಕಾಪು ಕೆಡುತ್ತದೆ, ತುಕ್ಕು ಹಿಡಿದರೆ ಮೊದಲು ಇಲ್ಲೇ ಎಂದರು. ಬಣ್ಣ ತೆಗೆಯುವ ಪೇಸ್ಟ್ ಮುಗಿದಿತ್ತಂತೆ.

ಹಾಗೇ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ. ಹುಬ್ಬಳ್ಳಿಯವರೆಗೆ ಪಕ್ಕದಲ್ಲಿ ಕೂತ ಯಜಮಾನರು ಅದು ರಾಶಿ ಮಷಿನ್ನಿನ ಬಿಡಿಭಾಗವೆಂದು ನಂಬಿದ್ದರು. ಈ ಸಲ ತೊಗರಿ ರಾಶಿಗೆ ಬಾಡಿಗೆ ಎಷ್ಟು ಎಂದೂ ವಿಚಾರಿಸಿದರು.

ನೇತ್ರಾಣಿಯಲ್ಲಿ ಬೆಲ್ಟ್ ಜಾರಲಿಲ್ಲ. ಎರಡೂ ಕೈ ಬಿಟ್ಟು ಈಜಿದೆ. ದೋಣಿಯಲ್ಲಿ ತರಬೇತುದಾರರು ಪ್ಲೇಟಿನ ಮೇಲೆ ಕೈಯಾಡಿಸಿ ಕೇಳಿದರು: "ಎಂತ ಸರ್ ಈ ಬಣ್ಣ? ನೀವು ಬೀದರಿನವರಲ್ವಾ, ಬಿದರಿ ಕೆಲಸವಾ?"

"ಹೌದು," ಅಂದೆ. "ನಮ್ಮ ಅವ್ವ ಮಾಡಿದ್ದು."

ಊರಿಗೆ ಬಂದು, ನಳ ಬಂದ ದಿನ ಪ್ಲೇಟನ್ನು ಉಪ್ಪು ಹೋಗುವಂತೆ ತಿಕ್ಕಿ ತೊಳೆದು ಬಿಸಿಲಿಗಿಟ್ಟೆ. ನಡುವಿನ ಬದನೆಕಾಯಿ ಮಲಗಿದ್ದ ಜಾಗದಲ್ಲಿ ಸಾಸಿವೆ ಕಾಳಿನಷ್ಟು ಎರಡು ಕಂದು ಚುಕ್ಕೆ. ಬಗ್ಗಿ ನೋಡುತ್ತಿದ್ದಾಗ ಒಳಗಿನಿಂದ ಅವ್ವನ ದನಿ:

"ತೊಳದಿ ಹೌದಿಲ್ಲೋ? ತಾ ಇಲ್ಲಿ. ಸಂಜಿಗಿ ಬದನಿಕಾಯಿ ತರಿಸೀನಿ."